ಊದಿ ಆರಿಸಲಾರದ ಗಂಜಿ

ಗಂಗಾವತಿ
22 ಸೆಪ್ಟೆಂಬರ್ 2024

ಅಕ್ಕ ಅನ್ನಮ್ಮನಿಗೆ,

ನಿನ್ನ ತಮ್ಮ ಕಳಕಪ್ಪ ಬರೆಯುತ್ತಿದ್ದೇನೆ. ಈ ಕಾಗದವನ್ನು ರಫೀಕನ ಕೈಯಲ್ಲಿ ಕೊಟ್ಟಿದ್ದೇನೆ. ಹನುಮಸಾಗರದಿಂದ ನಮ್ಮ ಮಾರ್ಕೆಟ್ಟಿಗೆ ಕಾಯಿಪಲ್ಯದ ಗಾಡಿ ತರುವ ಅವನು ನಿನ್ನ ಓಣಿಯವನೇ ಎಂದು ಹೇಳಿದ. ನೀನು ಅಂಗನವಾಡಿ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಯಿತು, ಹಿತ್ತಲಲ್ಲಿ ಕುಂಬಳಬಳ್ಳಿ ಹಬ್ಬಿಸಿದ್ದೀ ಎಂಬುದೂ ಅವನಿಂದಲೇ ತಿಳಿಯಿತು.

ನನ್ನ ವಿಷಯ ಅವನು ನಿನಗೆ ಹೇಳಿರಬಹುದು. ಗಂಟಲಲ್ಲಿ ಗಡ್ಡೆಯಾಗಿತ್ತು. ಜೂನ್ ಹನ್ನೊಂದರಂದು ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕುತ್ತಿಗೆಯ ಬುಡದಲ್ಲಿ ಒಂದು ತೂತು ಇದೆ, ಉಸಿರಾಟವೆಲ್ಲ ಅಲ್ಲಿಂದ. ಮಾತಿಲ್ಲ. ಮೂವತ್ತೆರಡು ವರ್ಷ ಮಾರ್ಕೆಟ್ಟಿನಲ್ಲಿ ಲಿಲಾವು ಕೂಗಿದವನು ಈಗ ನೀರು ಬೇಕಾದರೆ ಲೋಟ ಬಡಿಯುತ್ತೇನೆ. ಉಳಿದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತೇನೆ. ಅದರಿಂದ ಅಕ್ಷರ ಸ್ವಲ್ಪ ಸುಧಾರಿಸಿದೆ.

ಆಮೇಲೆ ಮೂವತ್ತು ಸಲ ಕರೆಂಟು ಕೊಟ್ಟರು, ರೇಡಿಯೇಷನ್ ಎನ್ನುತ್ತಾರಲ್ಲ ಅದು. ಅದು ಆಗಸ್ಟ್ ಕೊನೆಗೆ ಮುಗಿಯಿತು. ಬಾಯಿ ಒಣಗಿದ ಚರ್ಮದ ಹಾಗಾಗಿದೆ. ರೊಟ್ಟಿ ಇಳಿಯುವುದಿಲ್ಲ, ಅನ್ನ ಗಂಟಲಲ್ಲೇ ಕೂತುಬಿಡುತ್ತದೆ. ಮೂಗಿನಿಂದ ಗಾಳಿ ಆಡುವುದಿಲ್ಲವಾದ್ದರಿಂದ ಒಗ್ಗರಣೆಯ ವಾಸನೆಯೂ ತಿಳಿಯದು. ಅರವತ್ನಾಲ್ಕು ಕೆಜಿ ಇದ್ದವನು ನಲವತ್ತೆಂಟಕ್ಕೆ ಬಂದಿದ್ದೇನೆ. ನಲವತ್ತೈದಕ್ಕಿಂತ ಕೆಳಗೆ ಇಳಿದರೆ ಮತ್ತೆ ಮೂಗಿನಲ್ಲಿ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ನಮಗೆ ಜ್ವರ ಬಂದು ಬಿಟ್ಟಾಗ ಅವ್ವ ಕುಂಬಳಕಾಯಿ ಹಾಕಿ ಗಂಜಿ ಮಾಡುತ್ತಿದ್ದಳಲ್ಲ, ಅದನ್ನು ಹೇಗೆ ಮಾಡುತ್ತಿದ್ದಳು? ಸೊಸೆ ಮಲ್ಲೇಶ್ವರಿ ಎರಡು ಸಲ ಮಾಡಿದಳು. ಅವ್ವನದರ ಹಾಗೆ ನುಣ್ಣಗೆ ಬರಲಿಲ್ಲ. ನಿನಗೆ ನೆನಪಿದ್ದರೆ ಬರೆ.

ಬೇರೆ ಏನು ಬರೆಯಬೇಕೋ ತಿಳಿಯುತ್ತಿಲ್ಲ.

ಕಳಕಪ್ಪ

—

ಹನುಮಸಾಗರ
26 ಸೆಪ್ಟೆಂಬರ್ 2024

ಮಲ್ಲೇಶ್ವರಿಗೆ,

ನಿನ್ನ ಮಾವನ ಕಾಗದ ಬಂದು ತಲುಪಿತು. ಅಡುಗೆ ಮಾಡುವವಳು ನೀನಾದ್ದರಿಂದ ನಿನಗೇ ಬರೆಯುತ್ತಿದ್ದೇನೆ.

ಕಾಯಿಯ ಸಿಪ್ಪೆ ದಪ್ಪಗೆ ಹೆರೆದು ಚಿಕ್ಕ ಹೋಳು ಮಾಡು. ಒಂದು ಹಿಡಿ ನವಣಕ್ಕಿ, ಅರ್ಧ ಹಿಡಿ ಹೆಸರುಬೇಳೆಯನ್ನು ಒಂದು ತಾಸು ನೆನೆಸಿಡು. ಎಲ್ಲವನ್ನೂ ಒಟ್ಟಿಗೆ ಹಾಕಿ, ನೀರು ಐದು ಪಟ್ಟು ಇಟ್ಟು, ಕುಕ್ಕರಿನಲ್ಲಿ ಆರು ಸೀಟಿ ಬರುವ ತನಕ ಬೇಯಿಸು. ಅವ್ವ ಅದನ್ನು ಕಡಗೋಲಿನಿಂದ ಕಡೆಯುತ್ತಿದ್ದಳು, ನೀನು ಮಿಕ್ಸಿಗೆ ಹಾಕು. ಆಮೇಲೆ ಜರಡಿಯಲ್ಲಿ ಸೋಸಬೇಕು. ನಿನ್ನ ಮಾವನ ಗಂಟಲಲ್ಲಿ ಕೂರುವುದು ನವಣೆಯ ತವುಡು, ಕುಂಬಳಕಾಯಿಯಲ್ಲ. ಸೋಸಿದ ಮೇಲೆ ಹಾಲು, ಒಂದು ಚಮಚ ತುಪ್ಪ, ಚೂರು ಬೆಲ್ಲ, ಚಿಟಿಕೆ ಉಪ್ಪು. ಖಾರ, ಹುಳಿ ಈಗ ಬೇಡ.

ಕುಂಬಳಕಾಯಿ ಏಕೆ ಒಳ್ಳೆಯದು ಎಂಬುದನ್ನೂ ಬರೆಯುತ್ತೇನೆ. ಮೂವತ್ತು ವರ್ಷ ತಾಯಂದಿರಿಗೆ ಇದನ್ನೇ ಹೇಳಿದ್ದೇನೆ. ಅದರ ಕೆಂಪು ಬಣ್ಣ ಮೈಯೊಳಗೆ ಹೋಗಿ ಎ ಜೀವಸತ್ವವಾಗುತ್ತದೆ. ಕಣ್ಣಿಗೆ, ಚರ್ಮಕ್ಕೆ, ಬಾಯಿಯ ಒಳಪದರಕ್ಕೆ ಅದು ಬೇಕು. ಜಿಡ್ಡಿಲ್ಲದೆ ಅದು ಮೈಗೆ ಹತ್ತುವುದಿಲ್ಲ, ತುಪ್ಪ ಅದಕ್ಕೇ. ನೋವಿನ ಗುಳಿಗೆ ತಿಂದು ಹೊಟ್ಟೆ ಕಟ್ಟಿದ್ದರೆ ಅದರ ಮೆತ್ತನೆಯ ನಾರು ಸಡಿಲ ಮಾಡುತ್ತದೆ. ಆದರೆ ಕುಂಬಳಕಾಯಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ. ಅದೊಂದರಿಂದ ತೂಕ ಏರುವುದಿಲ್ಲ. ಬೇಳೆ, ಹಾಲು, ಶೇಂಗಾ ಹಿಟ್ಟು ಜೊತೆಗಿರಲೇಬೇಕು. ಅದು ಔಷಧವೂ ಅಲ್ಲ. ಡಾಕ್ಟರು ಕೊಟ್ಟ ಗುಳಿಗೆ ತಪ್ಪಿಸಬಾರದು.

ಎರಡು ಕಾಯಿ ಕಳಿಸಿದ್ದೇನೆ. ದೊಡ್ಡದು ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಚಿಕ್ಕದನ್ನು ಮೊದಲು ಹೆಚ್ಚು.

ನಿನ್ನ ಮಾವನಿಗೆ ಬೇರೆಯಾಗಿ ಬರೆಯುವಂಥದ್ದು ಏನೂ ಇಲ್ಲ.

ಅನ್ನಮ್ಮ

—

ಗಂಗಾವತಿ
8 ಅಕ್ಟೋಬರ್ 2024

ಅತ್ತೆಯವರಿಗೆ ಮಲ್ಲೇಶ್ವರಿಯ ನಮಸ್ಕಾರಗಳು.

ನೀವು ನನಗೆ ಬರೆದದ್ದಕ್ಕೆ ಬಹಳ ಸಂತೋಷವಾಯಿತು. ನಿಮ್ಮನ್ನು ನಾನು ನೋಡಿದ್ದು ಒಂದೇ ಸಲ, ನನ್ನ ಮದುವೆಯ ದಿನ, ಅದೂ ಅರ್ಧ ತಾಸು.

ಕಾಯಿ ಬಂದ ದಿನ ನಮ್ಮ ಮನೆಯವರು, ಪ್ರಭುರಾಜ, ಗೊಬ್ಬರದ ಅಂಗಡಿಗೆ ಹೋಗಿದ್ದರು. ನಮ್ಮ ತವರಿನಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಈಳಿಗೆ ಹಚ್ಚುವುದಿಲ್ಲ. ನಾನು ಹಿಂದೆಮುಂದೆ ನೋಡುತ್ತ ನಿಂತಿದ್ದೆ. ಮಾವ ಒಳಗಿಂದ ಬಂದು ಕಾಯಿಯನ್ನು ತಿರುಗಿಸಿ ನೋಡಿದರು, ಬೆರಳಿನಿಂದ ಬಡಿದರು, ತೊಟ್ಟು ಮುರಿದು ನೋಡಿದರು. ಆಮೇಲೆ ತಾವೇ ಈಳಿಗೆ ಮಣೆಯ ಮೇಲೆ ಕೂತು ಎರಡು ಹೋಳು ಮಾಡಿದರು. ಆಪರೇಷನ್ ಆದ ಮೇಲೆ ಅವರು ಮನೆಯಲ್ಲಿ ಮಾಡಿದ ಮೊದಲ ಕೆಲಸ ಅದು. ನೋಟ್‌ಬುಕ್ಕಿನಲ್ಲಿ ಹೀಗೆ ಬರೆದರು: ‘ಸಾವಿರಾರು ಕಾಯಿ ಮಾರೀನಿ. ಹೆಚ್ಚಿದ್ದು ಇದೇ ಮೊದಲ.’

ಮೊದಲ ದಿನ ನಾಲ್ಕು ಚಮಚ, ಮೂರನೆಯ ದಿನಕ್ಕೆ ಪೂರ್ತಿ ಬಟ್ಟಲು. ಅವರಿಗೆ ಬಿಸಿಯನ್ನು ಊದಿ ಆರಿಸಲು ಬರುವುದಿಲ್ಲ, ಬಾಯಿಂದ ಗಾಳಿಯೇ ಬರುವುದಿಲ್ಲವಲ್ಲ. ನನಗಿದು ಹೊಳೆದೇ ಇರಲಿಲ್ಲ. ಮೊದಲ ಸಲ ಬಟ್ಟಲ ಮುಂದೆ ಬಾಗಿ ತುಟಿ ಮುಂದೆ ಮಾಡಿದವರು ಹಾಗೇ ಸುಮ್ಮನೆ ಕೂತುಬಿಟ್ಟರು. ಈಗ ನನ್ನ ಮಗಳು ಅಮೃತಾ ತಟ್ಟೆಯಲ್ಲಿ ಹರವಿ ಬೀಸಣಿಗೆ ಬೀಸುತ್ತಾಳೆ.

ಇನ್ನು ನಿಮಗೆ ಹೇಳಬೇಕಾದ ಕೆಟ್ಟ ಸುದ್ದಿ. ಮಾರ್ಕೆಟ್ಟಿನವರು ಯಾರೋ ಬಂದು, ಹಸಿ ಕುಂಬಳಕಾಯಿ ರಸ ಬರಿ ಹೊಟ್ಟೆಗೆ ನಲವತ್ತು ದಿನ ಕುಡಿದರೆ ಗಡ್ಡೆ ಮತ್ತೆ ಹುಟ್ಟುವುದಿಲ್ಲ, ಗುಳಿಗೆಯೂ ಬೇಡ, ಊಟವೂ ಕಡಿಮೆ ಮಾಡಬೇಕು ಎಂದು ಹೇಳಿ ಹೋದರಂತೆ. ಅವರು ನಮಗೆ ತಿಳಿಸದೆ ಐದು ದಿನ ಕುಡಿದರು. ಹೊಟ್ಟೆ ಕೆಟ್ಟು ಎರಡು ದಿನ ಮಲಗಿಬಿಟ್ಟರು. ನಿನ್ನೆ ತೂಗಿದಾಗ ನಲವತ್ತಾರು ಚಿಲ್ಲರೆ. ಪ್ರಭುರಾಜ ಸಿಟ್ಟಿಗೆದ್ದು ಅಂದಿದ್ದನ್ನೆಲ್ಲ ಅವರು ತಲೆ ತಗ್ಗಿಸಿ ಕೇಳಿದರು. ಈಗ ಗಂಜಿಯನ್ನೂ ದೂಡುತ್ತಾರೆ. ನೋಟ್‌ಬುಕ್ ತೆಗೆಯುತ್ತಿಲ್ಲ.

ಅತ್ತೆಯವರೇ, ನನ್ನದು ಸಣ್ಣ ಬಾಯಿ, ದೊಡ್ಡ ಮಾತು. ನೀವು ಅವರಿಗೆ ಎರಡು ಸಾಲು ಬರೆಯಿರಿ. ನಿಮ್ಮ ಕಾಗದದ ಕೊನೆಯ ಸಾಲನ್ನು ಅವರು ಓದಿದ್ದಾರೆ.

ಮಲ್ಲೇಶ್ವರಿ

—

ಹನುಮಸಾಗರ
13 ಅಕ್ಟೋಬರ್ 2024

ಕಳಕಪ್ಪ,

ಹಸಿ ರಸ ಕುಡಿಯಲು ಯಾರು ಹೇಳಿದರೋ ಅವರನ್ನು ನನ್ನ ಹತ್ತಿರ ಕಳಿಸು. ಬೇಯಿಸದ ಕಾಯಿ ನಿನ್ನ ಈಗಿನ ಹೊಟ್ಟೆಗೆ ಆಗದು. ಕಾಯಿ ಕಹಿ ಇದ್ದರಂತೂ ಗಟ್ಟಿಮುಟ್ಟಾದವನಿಗೂ ವಾಂತಿಭೇದಿ ಹತ್ತುತ್ತದೆ. ಅದರಿಂದ ಗಡ್ಡೆ ವಾಸಿಯಾಗುವುದಾಗಿದ್ದರೆ ಹುಬ್ಬಳ್ಳಿಯಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ಕಟ್ಟುತ್ತಿರಲಿಲ್ಲ. ಕುಂಬಳಕಾಯಿ ಊಟ. ಊಟದಿಂದ ಏನಾಗುತ್ತದೋ ಅಷ್ಟೇ ಅದರಿಂದ ಆಗುವುದು, ಅದೇನು ಕಡಿಮೆಯಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷ ನಮ್ಮ ಕೇಂದ್ರದಲ್ಲಿ ನಾಲ್ಕು ಮಕ್ಕಳಿಗೆ ಸಂಜೆಯಾದರೆ ಕಣ್ಣು ಕಾಣುತ್ತಿರಲಿಲ್ಲ. ನರ್ಸಮ್ಮ ಕೊಟ್ಟ ಎ ಜೀವಸತ್ವದ ಹನಿಯ ಜೊತೆಗೆ ವಾರಕ್ಕೆ ನಾಲ್ಕು ದಿನ ಸಾರಿಗೆ ಕುಂಬಳಕಾಯಿ, ನುಗ್ಗೆಸೊಪ್ಪು ಹಾಕಿದೆ. ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದವರು ಆರು ತಿಂಗಳಿಗೆ ಓಡಾಡಿದರು. ಹನಿ ಅರ್ಧ ಕೆಲಸ ಮಾಡಿತು, ಸಾರು ಅರ್ಧ.

ನೀನು ಮಾಡಬೇಕಾದ್ದು: ಎರಡು ತಾಸಿಗೊಮ್ಮೆ ಒಂದು ಬಟ್ಟಲು, ಹಸಿವು ಇರಲಿ ಬಿಡಲಿ. ಪ್ರತಿ ತುತ್ತಿಗೆ ನೀರು ಗುಟುಕರಿಸು. ವಾರಕ್ಕೊಮ್ಮೆ ತೂಕ ಬರೆದು ಕಳಿಸು.

ಇನ್ನೊಂದು ವಿಷಯ. ಮಲ್ಲೇಶ್ವರಿ ತನ್ನ ಮದುವೆಯ ದಿನ ನೆನಪಿಸಿದ್ದಾಳೆ. ಆದ್ದರಿಂದ ಬರೆಯುತ್ತೇನೆ.

ನಿನ್ನ ಹೆಂಡತಿ ತೀರಿಕೊಂಡಾಗ ಪ್ರಭುರಾಜನಿಗೆ ಹತ್ತು ವರ್ಷ. ಎರಡು ವರ್ಷ ಅವನನ್ನು ನಾನು ಇಟ್ಟುಕೊಂಡು ಸಾಲಿಗೆ ಕಳಿಸಿ ಓದಿಸಿದೆ. ಅವನ ಮದುವೆಯಲ್ಲಿ ಅರಿಷಿಣ ಹಚ್ಚಲು ಬಟ್ಟಲು ಹಿಡಿದು ಮುಂದೆ ಹೋದೆ. ನೀನು ಮಂಟಪದ ಆ ತುದಿಯಿಂದ ಲಿಲಾವಿನ ಧ್ವನಿಯಲ್ಲಿ ಕೂಗಿದೆ: “ಅಕ್ಕಾ, ನೀ ಹಿಂದ ಸರಿ. ಮುತ್ತೈದ್ಯಾರು ಮುಂದ ಬರ್ರಿ.” ನಾನೂರು ಜನ ತಿರುಗಿ ನೋಡಿದರು. ಬಟ್ಟಲು ಕೆಳಗಿಟ್ಟು, ಕೈ ತೊಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ.

ಹೆಂಡತಿ ಸತ್ತ ನೀನು ಮುಂದೆಯೇ ನಿಂತಿದ್ದೆ, ಕಳಕಪ್ಪ. ಅದನ್ನು ಯಾರೂ ಕೇಳಲಿಲ್ಲ. ಗಂಡ ಸತ್ತ ನಾನು ಹಿಂದೆ ಸರಿಯಬೇಕಾಯಿತು.

ಇದನ್ನು ಓದಿ ಊಟ ಬಿಡಬೇಡ. ಊಟ ಬೇರೆ, ಇದು ಬೇರೆ.

ಅನ್ನಮ್ಮ

—

ಗಂಗಾವತಿ
27 ಅಕ್ಟೋಬರ್ 2024

ಅಕ್ಕನಿಗೆ,

ಈ ವಾರ 46.9. ಹೋದ ವಾರ 46.4 ಇತ್ತು.

ನೀನು ಹೇಳಿದ ಹಾಗೆ ಎರಡು ತಾಸಿಗೊಮ್ಮೆ ತಿನ್ನುತ್ತಿದ್ದೇನೆ. ಗೋಡೆಯ ಗಡಿಯಾರದ ಕೆಳಗೇ ನನ್ನ ಕುರ್ಚಿ ಹಾಕಿದ್ದಾರೆ. ಕುಂಬಳಕಾಯಿಯನ್ನು ಬೇಯಿಸಿ ಕಿವುಚಿ ಗಟ್ಟಿ ಮೊಸರಿನಲ್ಲಿ ಕಲಸಿದರೆ ಚೆನ್ನಾಗಿ ಇಳಿಯುತ್ತದೆ ಎಂದು ಕಂಡುಕೊಂಡೆ. ತಣ್ಣಗಿರುವುದರಿಂದ ಬೀಸಣಿಗೆ ಬೇಕಾಗುವುದಿಲ್ಲ. ವಾಸನೆ ತಿಳಿಯದಿದ್ದರೂ ನಾಲಿಗೆಗೆ ಸಿಹಿ ಸ್ವಲ್ಪ ತಿಳಿಯತೊಡಗಿದೆ. ಮೊದಲು ಮರಳಿ ಬಂದ ರುಚಿ ಅದೇ.

ಶುಕ್ರವಾರ ಮಾರ್ಕೆಟ್ಟಿಗೆ ಹೋಗಿ ಬಂದೆ. ನನ್ನ ಕಟ್ಟೆಯ ಮೇಲೆ ಈಗ ಅಫ್ರೋಜ ಎಂಬ ಹುಡುಗ ನಿಂತು ಕೂಗುತ್ತಾನೆ. ಕುಂಬಳಕಾಯಿ ರಾಶಿಗೆ ಹಿಂದಿನಂತೆಯೇ ಯಾರೂ ಗಟ್ಟಿಯಾಗಿ ಏರಿಸುವುದಿಲ್ಲ. ನಾನೂ ಅದನ್ನು ಯಾವಾಗಲೂ ಕೊನೆಗೆ, ಜನ ಚದುರುವ ಹೊತ್ತಿಗೆ ಕೂಗುತ್ತಿದ್ದೆ. ಹಂಗಿಸಿದ ಹಾಗೆ ಕೂಗುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಮಲ್ಲೇಶ್ವರಿ ನಿನಗೆ ನಮಸ್ಕಾರ ತಿಳಿಸಿದ್ದಾಳೆ.

ಕಳಕಪ್ಪ

—

ಹನುಮಸಾಗರ
4 ನವೆಂಬರ್ 2024

ಕಳಕಪ್ಪ,

ತೂಕ ಬಂತು. ಉಳಿದದ್ದು ಬರಲಿಲ್ಲ.

ಬೀಜ ಕಳಿಸಿದ್ದೇನೆ. ತೊಳೆದು ನಾಲ್ಕು ದಿನ ಒಣಗಿಸಿ, ಸಿಪ್ಪೆ ಬಿಡಿಸಿ ಹುರಿದಿದ್ದೇನೆ. ಬೀಜದಲ್ಲಿ ಕಬ್ಬಿಣ, ಸತು, ಒಳ್ಳೆಯ ಜಿಡ್ಡು ಇದೆ. ತಿರುಳಿನಲ್ಲಿ ಇಲ್ಲದ್ದು ಬೀಜದಲ್ಲಿದೆ. ನೀನು ಅಗಿಯಲಾರೆ, ಆದ್ದರಿಂದ ನುಣ್ಣಗೆ ಪುಡಿ ಮಾಡಿಸಿ ಗಂಜಿಗೆ ಒಂದು ಚಮಚ ಕಲಸಿಕೊ.

ಅನ್ನಮ್ಮ

—

ಗಂಗಾವತಿ
1 ಡಿಸೆಂಬರ್ 2024

ಅಕ್ಕ,

ಒಂದು ತಿಂಗಳು ಬರೆಯಲಿಲ್ಲ. ಬರೆದೆ, ಹರಿದೆ. ನೋಟ್‌ಬುಕ್ಕಿನ ಹನ್ನೆರಡು ಹಾಳೆ ಹೋಯಿತು.

ಆ ದಿನ ಮಂಟಪದಲ್ಲಿ ಬೀಗರ ಕಡೆಯ ಒಬ್ಬ ಹಿರಿಯ ನನ್ನ ಕಿವಿಯಲ್ಲಿ, “ಆಕಿ ಯಾಕ ಮುಂದ ಹೊಂಟಾಳ?” ಎಂದ. ಅವನ ಹೆಸರೂ ಈಗ ನೆನಪಿಲ್ಲ. ನಾನು ಅವನಿಗೆ, ನನ್ನ ಮಗನನ್ನು ಬೆಳೆಸಿದವಳು ಆಕೆ, ಹಚ್ಚಲಿ ಬಿಡು ಎನ್ನಬಹುದಿತ್ತು. ಅನ್ನಲಿಲ್ಲ. ನಿನ್ನ ಹತ್ತಿರ ನಡೆದು ಬಂದು ಮೆಲ್ಲಗೆ ಹೇಳಬಹುದಿತ್ತು, ಅದೂ ತಪ್ಪೇ ಆಗುತ್ತಿತ್ತು, ಆದರೆ ನಾನೂರು ಜನ ಕೇಳುತ್ತಿರಲಿಲ್ಲ. ನಾನು ಕೂಗಿದೆ. ಕೂಗುವುದೇ ನನಗೆ ಅಭ್ಯಾಸ. ಕೂಗಿದ ಮೇಲೆ ನಿನ್ನ ಮುಖ ನೋಡಿದೆ. ಆಗಲೇ ಗೊತ್ತಾಯಿತು.

ಊಟದ ಹೊತ್ತಿಗೆ ಪ್ರಭುರಾಜ ನಿನ್ನನ್ನು ಹುಡುಕಿದ. ಬಸ್‌ಸ್ಟ್ಯಾಂಡಿಗೆ ಜನ ಕಳಿಸಿದೆ, ಬಸ್ಸು ಹೋಗಿತ್ತು. ನಾಳೆ ಹೋಗಿ ಕೇಳಿಕೊಂಡರಾಯಿತು ಅಂದುಕೊಂಡೆ. ಆಮೇಲೆ ಶ್ರಾವಣಕ್ಕೆ ಅಂದುಕೊಂಡೆ. ವರ್ಷ ಕಳೆದ ಮೇಲೆ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳುತ್ತೀ ಎಂದು ಹೆದರಿದೆ. ಹಾಗೆ ಹನ್ನೊಂದು ವರ್ಷ.

ನನ್ನದು ತಪ್ಪಾಯಿತು, ಅಕ್ಕ. ಧ್ವನಿ ಇದ್ದಾಗ ಹೇಳಬೇಕಾಗಿತ್ತು.

ಮಲ್ಲೇಶ್ವರಿ ಮತ್ತೆ ಬಸುರಿ. ಫೆಬ್ರುವರಿಯಲ್ಲಿ ಕುಬುಸ ಮಾಡುತ್ತೇವೆ. ಆ ಮದುವೆಗೆ ಬಂದಿದ್ದ ಬೀಗರೆಲ್ಲ ಇರುತ್ತಾರೆ. ಮೊದಲ ಆರತಿ ನೀನೇ ಮಾಡಬೇಕು. ಎಲ್ಲರೂ ನೋಡಲಿ.

ತೂಕ 48.1.

ನಿನ್ನ ತಮ್ಮ,
ಕಳಕಪ್ಪ

—

ಹನುಮಸಾಗರ
10 ಡಿಸೆಂಬರ್ 2024

ಕಳಕಪ್ಪ,

ನಿನ್ನ ಕಾಗದ ಓದಿದೆ. ಸರಿ.

ಆರತಿ ಬೇಡ. ಅಂದು ಎಲ್ಲರ ಮುಂದೆ ನನ್ನನ್ನು ಹಿಂದೆ ಸರಿಸಿದೆ, ಈಗ ಎಲ್ಲರ ಮುಂದೆ ಮುಂದಕ್ಕೆ ತಳ್ಳುತ್ತೀ. ಎರಡರಲ್ಲೂ ನಾನು ನೀನು ನಿಲ್ಲಿಸಿದ ಕಡೆ ನಿಲ್ಲಬೇಕು. ಮಲ್ಲೇಶ್ವರಿಗೆ ಏನು ಬೇಕೋ ನಾನು ಬೇರೆ ದಿನ ಬಂದು ಮಾಡುತ್ತೇನೆ. ಬಸುರಿಗೂ ಕುಂಬಳಕಾಯಿ ಒಳ್ಳೆಯದು, ಅವಳಿಗೆ ನಿನ್ನ ಹಾಗೆ ಸೋಸಿ ಕೊಡಬೇಕಾಗಿಲ್ಲ.

ನಿನಗೆ ಮನಸ್ಸಿದ್ದರೆ ಎಳ್ಳಮವಾಸ್ಯೆಗೆ ಇಲ್ಲಿಗೆ ಬಾ. ನೆರೆಮನೆಯ ಶಿವಬಸಮ್ಮನ ಹೊಲಕ್ಕೆ ನಾವು ಏಳೆಂಟು ಹೆಂಗಸರು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ನಮ್ಮ ಜೊತೆ ಕೂತು ಉಣ್ಣು. ನೀನು ಮನೆಯಲ್ಲಿಯೂ ಒಳಗಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುತ್ತೀ ಎಂದು ಮಲ್ಲೇಶ್ವರಿ ರಫೀಕನ ಹತ್ತಿರ ಹೇಳಿ ಕಳಿಸಿದ್ದಾಳೆ.

ಅನ್ನಮ್ಮ

—

ಗಂಗಾವತಿ
18 ಡಿಸೆಂಬರ್ 2024

ಅಕ್ಕನಿಗೆ,

ಬರುವುದು ಕಷ್ಟ. ನಾನು ಉಣ್ಣುವುದು ನೋಡುವ ಹಾಗಿಲ್ಲ. ಒಂದು ಬಟ್ಟಲಿಗೆ ಅರ್ಧ ತಾಸು ಬೇಕು. ನಡುವೆ ತುತ್ತು ಸಿಕ್ಕಿಕೊಂಡರೆ ಎದ್ದು ನಿಂತು ಕುತ್ತಿಗೆ ಹೊರಳಿಸುತ್ತೇನೆ. ಕೆಮ್ಮು ಬಂದರೆ ಕಫ ಬಾಯಿಂದಲ್ಲ, ಕುತ್ತಿಗೆಯ ತೂತಿನಿಂದ ಬರುತ್ತದೆ. ಅದಕ್ಕೆ ಬಿಳಿ ಬಟ್ಟೆ ಕಟ್ಟಿಕೊಂಡಿರುತ್ತೇನೆ. ಅಮೃತಾಳಿಗೆ ಒಂಬತ್ತು ವರ್ಷ, ಅವಳೂ ಮೊದಲ ದಿನ ಮುಖ ಆ ಕಡೆ ಮಾಡಿದಳು. ಮಗುವಿನ ತಪ್ಪಲ್ಲ.

ಹಬ್ಬದ ಊಟದಲ್ಲಿ ಬೇರೆಯವರು ಇದನ್ನೆಲ್ಲ ಯಾಕೆ ನೋಡಬೇಕು?

49 ಆಯಿತು.

ಕಳಕಪ್ಪ

—

ಹನುಮಸಾಗರ
23 ಡಿಸೆಂಬರ್ 2024

ಕಳಕಪ್ಪ,

ಮೂವತ್ತು ವರ್ಷ ಇಪ್ಪತ್ತೈದು ಮಕ್ಕಳಿಗೆ ಉಣ್ಣಿಸಿದ್ದೇನೆ. ಶಿವಬಸಮ್ಮ ಮೂರು ವರ್ಷ ಲಕ್ವಾ ಹೊಡೆದ ಅತ್ತೆಗೆ ಉಣ್ಣಿಸಿದ್ದಾಳೆ. ನಾವು ನೋಡದ್ದು ನಿನ್ನಲ್ಲಿ ಏನೂ ಇಲ್ಲ.

ಮೂವತ್ತನೇ ತಾರೀಕು ಬೆಳಿಗ್ಗೆ ಮಾರ್ಕೆಟ್ ಮುಗಿಸಿ ರಫೀಕ ಖಾಲಿ ಗಾಡಿ ತರುತ್ತಾನೆ. ಬಟ್ಟೆ ನಾಲ್ಕು ಹೆಚ್ಚು ಇಟ್ಟುಕೊ.

ಅನ್ನಮ್ಮ

—

ಹನುಮಸಾಗರ
2 ಜನವರಿ 2025

ಮಲ್ಲೇಶ್ವರಿಗೆ,

ನಿನ್ನ ಮಾವ ನಾಳೆ ರಫೀಕನ ಗಾಡಿಯಲ್ಲಿ ಬರುತ್ತಾನೆ. ಅವನು ತಾನಾಗಿ ಏನೂ ಬರೆದು ತೋರಿಸಲಿಕ್ಕಿಲ್ಲ ಎಂದು ನಡೆದದ್ದನ್ನು ನಾನೇ ಬರೆಯುತ್ತೇನೆ.

ಗಾಡಿಯಿಂದ ಇಳಿದವನು ಅಂಗಳದಲ್ಲೇ ನಿಂತ. ನಾನು “ಬಾ” ಎಂದೆ. ಕಾಲು ಮುಟ್ಟಲು ಬಾಗಿದ, ಬಾಗಿದರೆ ಉಸಿರು ಕಟ್ಟುತ್ತದೆ ಅವನಿಗೆ. ಎತ್ತಿ ನಿಲ್ಲಿಸಿದೆ. ಬಹಳ ಹಗುರವಾಗಿದ್ದಾನೆ. ಚಿಕ್ಕಂದಿನಲ್ಲಿ ನಾನು ಟೊಂಕದ ಮೇಲೆ ಹೊತ್ತು ತಿರುಗಿದ ಹುಡುಗ ಅವನು.

ಹೊಲದಲ್ಲಿ ಬನ್ನಿಗಿಡದ ಕೆಳಗೆ ಕೂತೆವು. ನಮಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ ಹಾಕಿದ ಕುಂಬಳಕಾಯಿ ಪಲ್ಯ, ಕಡುಬು. ಅವನಿಗೆ ಗಂಜಿ, ಮೊಸರಲ್ಲಿ ಕಲಸಿದ ಕುಂಬಳಕಾಯಿ, ಮತ್ತೆ ಗಾರಗಿಯನ್ನು ಹಾಲಿನಲ್ಲಿ ನೆನೆಸಿ ಮೆತ್ತಗೆ ಮಾಡಿಟ್ಟಿದ್ದೆ. ಕುಂಬಳಕಾಯಿ ತುರಿದು ಬೆಲ್ಲದಲ್ಲಿ ಕುದಿಸಿ ಹಿಟ್ಟು ಕಲಸಿ ಕರಿದ ಗಾರಗಿ ಅವನಿಗೆ ಮೊದಲಿಂದಲೂ ಪ್ರೀತಿ. ಮೊದಲು ಬೆನ್ನು ತಿರುಗಿಸಿ ಕೂತ. ಮೂರನೆಯ ತುತ್ತು ಸಿಕ್ಕಿಕೊಂಡಿತು. ಎದ್ದ, ಕೆಮ್ಮಿದ, ಬಟ್ಟೆ ಬದಲಿಸಿದ. ಶಿವಬಸಮ್ಮ ನೀರಿನ ತಂಬಿಗೆ ಅವನ ಕಡೆ ಸರಿಸಿ, ನನ್ನ ಜೊತೆ ಜೋಳದ ತೆನೆಯ ಮಾತು ಮುಂದುವರಿಸಿದಳು. ಅವನು ಸ್ವಲ್ಪ ಹೊತ್ತು ನಿಂತು ನಮ್ಮನ್ನೆಲ್ಲ ನೋಡಿದ. ತಿರುಗಿ ಕೂರುವಾಗ ನಮ್ಮ ಕಡೆ ಮುಖ ಮಾಡಿ ಕೂತ.

ನಮ್ಮ ಊಟ ಮುಗಿದು ಒಂದು ತಾಸಾದರೂ ಅವನದು ಮುಗಿದಿರಲಿಲ್ಲ. ನಾವು ಎಲೆಅಡಿಕೆ ಹಾಕಿಕೊಂಡು ಕೂತೆವು. ಎರಡು ಗಾರಗಿ ತಿಂದ. ಮೂರನೆಯದಕ್ಕೆ ತಾನೇ ಕೈ ಚಾಚಿದ.

ಮೂರು ದಿನ ನನ್ನ ಹತ್ತಿರ ಇದ್ದ. ಬಳ್ಳಿಗೆ ಹೊಸ ಪಾತಿ ಮಾಡಿದ. ಅವನಿಗೆ ಇನ್ನು ಒಳಗಿನ ಕೋಣೆಯಲ್ಲಿ ಬಡಿಸಬೇಡ. ನಿಮ್ಮ ಜೊತೆಯೇ ಕೂರಿಸು.

ಅನ್ನಮ್ಮ

—

ಹನುಮಸಾಗರ
19 ಜನವರಿ 2025

ಕಳಕಪ್ಪ,

ನೀನು ಇಲ್ಲಿದ್ದ ಮೂರು ದಿನವೂ ಒಂದು ಮಾತು ಹೇಳಬೇಕೆಂದುಕೊಂಡೆ. ಎದುರಿಗೆ ಆಗಲಿಲ್ಲ. ನಿನ್ನಂತೆ ನಾನೂ ಬರೆದೇ ಹೇಳಬೇಕಾಗಿದೆ.

ಜೂನಿನಲ್ಲಿ ನಿನ್ನ ಆಪರೇಷನ್ ಆಯಿತು ಎಂದು ರಫೀಕ ಹೇಳಿದ ಮರುದಿನವೇ ನಾನು ಹುಬ್ಬಳ್ಳಿಗೆ ಬಂದಿದ್ದೆ. ಹದಿನೈದನೇ ತಾರೀಕು. ಕೇಳಿಕೊಂಡು ಕೇಳಿಕೊಂಡು ಎರಡನೆಯ ಮಹಡಿಗೆ ಬಂದೆ. ಉದ್ದನೆಯ ಕೋಣೆ, ನಿನ್ನ ಮಂಚ ಕಿಟಕಿಯ ಹತ್ತಿರ. ಮೂಗಿನಲ್ಲಿ ನಳಿಕೆ, ಕುತ್ತಿಗೆಗೆ ಹತ್ತಿ. ಪ್ರಭುರಾಜ ಕೆಳಗೆ ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿದ್ದ.

ನಾನು ಬಾಗಿಲಲ್ಲಿ ನಿಂತೆ. ನಿನ್ನ ಮುಖ ಬಾಗಿಲ ಕಡೆಗೇ ಇತ್ತು. ಕಣ್ಣು ತೆರೆದಿತ್ತೋ ಮುಚ್ಚಿತ್ತೋ ಅಷ್ಟು ದೂರದಿಂದ ನನಗೆ ತಿಳಿಯಲಿಲ್ಲ. ನೀನು ಕರೆದರೆ ಒಳಗೆ ಬರೋಣ ಎಂದು ನಿಂತೆ. ಒಂದು ಸಲ ಕರೆದಿದ್ದರೂ ಸಾಕಾಗಿತ್ತು. ನೀನು ಕರೆಯಲಿಲ್ಲ. ಹೊರಳಿ ಬಂದುಬಿಟ್ಟೆ. ಬಸ್ಸಿನಲ್ಲಿ ಕೂತಾಗಲೂ, ಈಗಲೂ ಕರೆಯಲಿಲ್ಲವಲ್ಲ ಎಂದುಕೊಂಡೆ.

ಗಂಟಲಿನ ಆಪರೇಷನ್ ಎಂದಷ್ಟೇ ರಫೀಕ ಹೇಳಿದ್ದ. ನಿನ್ನ ಧ್ವನಿಯನ್ನೇ ತೆಗೆದಿದ್ದಾರೆ ಎಂದು ನನಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ, ನಿನ್ನ ಮೊದಲ ಕಾಗದದಿಂದ. ಆ ದಿನ ನಿನಗೆ ಉತ್ತರ ಬರೆಯಲು ನನಗೆ ಮುಖವಿರಲಿಲ್ಲ. ಅದಕ್ಕೇ ಮಲ್ಲೇಶ್ವರಿಗೆ ಬರೆದೆ. ನಿನಗೆ ಬರೆಯುವಂಥದ್ದು ಏನೂ ಇಲ್ಲ ಎಂದದ್ದು ಸುಳ್ಳು.

ನಿನ್ನ ತಪ್ಪನ್ನು ಅಕ್ಟೋಬರಿನಲ್ಲಿ ನಾನು ಅಕ್ಷರ ಬಿಡದೆ ಬರೆದೆ. ನನ್ನದನ್ನು ಬರೆಯಲು ಜನವರಿ ಆಯಿತು.

ನಿನ್ನ ಅಕ್ಕ,
ಅನ್ನಮ್ಮ

—

ಗಂಗಾವತಿ
2 ಫೆಬ್ರುವರಿ 2025

ಅಕ್ಕ,

51.3. ಡಾಕ್ಟರಿಗೆ ತೋರಿಸಿಕೊಂಡು ಬಂದೆ. ನಳಿಕೆಯ ಮಾತು ಇನ್ನಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ. ಏನು ತಿನ್ನುತ್ತೀರಿ ಎಂದು ಅಲ್ಲಿಯ ಆಹಾರದ ಮೇಡಂ ಕೇಳಿದರು. ನೋಟ್‌ಬುಕ್ಕಿನ ಒಂದು ಪುಟ ತುಂಬ ಬರೆದುಕೊಟ್ಟೆ, ಅವರು ಅದರ ಫೋಟೊ ತೆಗೆದುಕೊಂಡರು. ನನ್ನ ಪಕ್ಕದಲ್ಲಿ ಕೂತಿದ್ದ ಅಳವಂಡಿಯ ಸೈದಾನಬಿ ಎಂಬಾಕೆ ತನ್ನ ಗಂಡನಿಗೆಂದು ಇನ್ನೊಂದು ಸಲ ಬರೆಸಿಕೊಂಡಳು. ಸೋಸುವುದನ್ನು ಮರೆಯಬಾರದು ಎಂದು ಅಡಿಗೆರೆ ಎಳೆದುಕೊಟ್ಟಿದ್ದೇನೆ.

ಈಗ ನಿನ್ನ ಕಾಗದ.

ಕಣ್ಣು ತೆರೆದಿತ್ತು, ಅಕ್ಕ. ನಿನ್ನನ್ನು ನೋಡಿದೆ. ನೀನು ಬಾಗಿಲಲ್ಲಿ ಕೈಚೀಲ ಎದೆಗೆ ಹಿಡಿದುಕೊಂಡು ನಿಂತಿದ್ದೆ. ಕರೆಯಲಿಲ್ಲ ಎಂದು ಬರೆದಿದ್ದೀ. ಕರೆದೆ. ಮಾರ್ಕೆಟ್ಟಿನ ಕಟ್ಟೆಯ ಮೇಲೆ ನಿಂತು ಹೇಗೆ ಕೂಗುತ್ತಿದ್ದೆನೋ ಹಾಗೆ ಎದೆ ತುಂಬ ಉಸಿರು ತೆಗೆದುಕೊಂಡು ಅಕ್ಕಾ ಎಂದು ಕೂಗಿದೆ. ಗಾಳಿ ಕುತ್ತಿಗೆಯಿಂದ ಹೋಯಿತು. ನೀನು ಹೊರಳಿದೆ. ಮತ್ತೆ ಕೂಗಿದೆ. ಮಂಚದ ಕಂಬಿ ಬಡಿದೆ, ಪ್ರಭುರಾಜ ಎದ್ದು ನೋವು ಎಂದುಕೊಂಡು ನರ್ಸಮ್ಮನನ್ನು ಕರೆಯಲು ಓಡಿದ. ಅಷ್ಟರಲ್ಲಿ ನೀನು ಮೆಟ್ಟಿಲಿಳಿದಿರಬೇಕು.

ಮಾತು ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಒಪ್ಪಿ ಸಹಿ ಹಾಕಿದ್ದೆ. ಆದರೂ ಅದು ಹೋಗಿದೆ ಎಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಇದನ್ನು ಪ್ರಭುರಾಜನಿಗೂ ಬರೆದು ತೋರಿಸಿಲ್ಲ. ನೀನು ಬಂದಿದ್ದೆ ಎಂಬುದೊಂದೇ ಧೈರ್ಯದಿಂದ ಸೆಪ್ಟೆಂಬರಿನಲ್ಲಿ ಆ ಕಾಗದ ಬರೆದೆ. ಗಂಜಿ ಮಾಡುವುದು ಹೇಗೆ ಎಂದು ಬೇರೆ ಯಾರನ್ನಾದರೂ ಕೇಳಬಹುದಿತ್ತು.

ಮಲ್ಲೇಶ್ವರಿಯ ಕುಬುಸಕ್ಕೆ ಇನ್ನು ಹನ್ನೊಂದು ದಿನವಿದೆ. ಆರತಿಯ ಮಾತು ಎತ್ತುವುದಿಲ್ಲ. ಅಂದೇ ಬಾ, ಇಲ್ಲವೆ ಮರುದಿನ ಬಾ, ನಿನ್ನ ಇಷ್ಟ. ಆದರೆ ಬಂದಾಗ ಬಾಗಿಲಲ್ಲಿ ನಿಲ್ಲಬೇಡ. ನಾನು ಕರೆಯಲಾರೆ. ಒಳಗೇ ಬಂದುಬಿಡು.

ನಿನ್ನ ತಮ್ಮ,
ಕಳಕಪ್ಪ